ಹಳೆಯ ಫರಸಿ ಖಣಿಗಳ ಮೇಲೆ ಬೈಪಾಸ್ ರಸ್ತೆ: ಯಾವ ಇಲಾಖೆಯನ್ನು, ಯಾವ ಹಂತದಲ್ಲಿ ಕೇಳಬೇಕು?

ಪ್ರಶ್ನೆ – ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯ. ನಮ್ಮ ಊರಿನ ಹೊರಗೆ ಚತುಷ್ಪಥ ಬೈಪಾಸ್ ರಸ್ತೆ ತರುವ ಸಿದ್ಧತೆ ನಡೆದಿದ್ದು, ಸರ್ವೇದವರು ಬಂದು ಅಳತೆ ಮಾಡಿ ಕೆಲವು ಕಡೆ ಗುರುತಿನ ಕಲ್ಲು ನೆಟ್ಟು ಹೋಗಿದ್ದಾರೆ. ಭೂಸ್ವಾಧೀನದ ಅಧಿಸೂಚನೆ ಇನ್ನೂ ಹೊರಟಿಲ್ಲ. ರಸ್ತೆ ಬೇಡವೆಂದು ನಮ್ಮಲ್ಲಿ ಯಾರೂ ಹೇಳುತ್ತಿಲ್ಲ. ಸಿಮೆಂಟ್ ಲಾರಿಗಳು ಊರ ನಡುವೆ ಹಾಯುವುದು ತಪ್ಪಿದರೆ ಎಲ್ಲರಿಗೂ ಒಳ್ಳೆಯದೇ.

ಆತಂಕವಿರುವುದು ಆ ಗುರುತಿನ ಕಲ್ಲುಗಳು ನಿಂತಿರುವ ಜಾಗದ ಬಗ್ಗೆ. ರಸ್ತೆಯ ಅಲೈನ್‌ಮೆಂಟ್, ಅಂದರೆ ಅದು ಸಾಗುವ ಗೆರೆ, ಹಳೆಯ ಫರಸಿ (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ಖಣಿಗಳಿರುವ ಪಟ್ಟಿಯ ಮೇಲೆಯೇ ಹಾದುಹೋಗುತ್ತದೆ. ಅವುಗಳಲ್ಲಿ ಕೆಲವು ಇಂದಿಗೂ ತೆರೆದಿದ್ದು, ನೀರು ತುಂಬಿಕೊಂಡು ನಿಂತಿವೆ. ಅವು ಯಾರ ಕಣ್ಣಿಗಾದರೂ ಬೀಳುತ್ತವೆ. ಮುಚ್ಚಿಹೋದ ಖಣಿಗಳ ವಿಷಯ ಹಾಗಲ್ಲ. ಕಲ್ಲು ತೆಗೆದು ಮುಗಿದ ಮೇಲೆ ಅದೇ ಖಣಿಯ ಕಲ್ಲುಚೂರು, ಮೇಲೆ ಕೆದರಿ ಹಾಕಿದ್ದ ಎರೆಮಣ್ಣು, ಊರಿನ ಕಸ ಎಲ್ಲವನ್ನೂ ತುಂಬಿ ನೆಲ ಸಮ ಮಾಡಿದ್ದಾರೆ. ಈಗ ಅಲ್ಲಿ ತೊಗರಿ ಬೆಳೆಯುತ್ತಿದೆ. ಪಹಣಿಯಲ್ಲಿ ಅದು ಬರೀ ಖುಷ್ಕಿ ಜಮೀನು. ಹೊರಗಿನಿಂದ ಬಂದ ಎಂಜಿನಿಯರಿಗೆ ಅದರ ಕೆಳಗೆ ಏನಿದೆಯೆಂದು ತಿಳಿಯುವ ದಾರಿಯೇ ಇಲ್ಲ. ನಮ್ಮ ಊರಿನ ಖಣಿ ಕೆಲಸಗಾರರಿಗೆ ಗೊತ್ತು, ಆದರೆ ಅವರನ್ನು ಯಾರೂ ಕೇಳಿಲ್ಲ.

ಅಳತೆಗೆ ಬಂದವರೊಂದಿಗೆ ಮಾತನಾಡಿದಾಗ, ಎಲ್ಲ ಇಲಾಖೆಗಳಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಲಾಗುತ್ತದೆ, ಚಿಂತೆ ಬೇಡ ಎಂದರು. ಗಣಿ ಇಲಾಖೆಯನ್ನು ಕೇಳಿದ್ದೀರಾ ಎಂದರೆ ಸ್ಪಷ್ಟ ಉತ್ತರ ಸಿಗಲಿಲ್ಲ. ಇಂತಹ ದೊಡ್ಡ ಯೋಜನೆ ರೂಪಿಸುವಾಗ ಯಾವ ಸಾರ್ವಜನಿಕ ಸಂಸ್ಥೆಗಳನ್ನು ಕೇಳಲೇಬೇಕು ಎಂದು ಕಾನೂನು ಹೇಳುತ್ತದೆಯೇ? ಹಳೆಯ ಗಣಿಗಳ ಮಾಹಿತಿ ನಿಜವಾಗಿ ಯಾವ ಕಚೇರಿಯಲ್ಲಿದೆ? ಪಂಚಾಯಿತಿಯಾಗಿ ನಾವು ಈಗ ಏನು ಮಾಡಬಹುದು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ – ಆಕಾರ್‌ಬಂದ್ (ಕಲಬುರಗಿ)

ಸದಸ್ಯರಿಗೆ ನಮಸ್ಕಾರ. ಕಂದಾಯ ಇಲಾಖೆಯಲ್ಲಿ ಭೂಮಾಪನದ ಕೆಲಸ ಮಾಡಿ ನಿವೃತ್ತನಾದವನು ನಾನು. ತಮ್ಮ ಪ್ರಶ್ನೆ ಬಹಳ ಸರಿಯಾದ ಹೊತ್ತಿನಲ್ಲಿ ಬಂದಿದೆ, ಏಕೆಂದರೆ ಅಧಿಸೂಚನೆ ಹೊರಟ ಮೇಲೆ ಅಲೈನ್‌ಮೆಂಟ್ ಕದಲಿಸುವುದು ಬಹಳ ಕಷ್ಟ.

ಮೊದಲು ಕಾನೂನಿನ ಮಾತು. ಪರಿಸರ ಪರಿಣಾಮ ಅಧ್ಯಯನಕ್ಕೆ ಸಂಬಂಧಿಸಿದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ವ್ಯಾಪ್ತಿಗೆ ಯೋಜನೆ ಬಂದರೆ ಸಾರ್ವಜನಿಕ ಆಲಿಕೆ ನಡೆಯುತ್ತದೆ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಹೊಸ ರಾಷ್ಟ್ರೀಯ ಹೆದ್ದಾರಿ ಈ ವ್ಯಾಪ್ತಿಯಲ್ಲಿದೆ. ಇರುವ ಹೆದ್ದಾರಿಯ ವಿಸ್ತರಣೆಯಾದರೆ, 2013ರ ತಿದ್ದುಪಡಿಯ ಪ್ರಕಾರ, ಉದ್ದ 100 ಕಿಲೋಮೀಟರ್ ಮೀರಿ, ಹೆಚ್ಚುವರಿ ಭೂಮಿಯ ಅಗಲವೂ ನಿಗದಿತ ಮಿತಿ ದಾಟಿದಾಗ ಮಾತ್ರ ಅನ್ವಯಿಸುತ್ತದೆ. ತಮ್ಮೂರಿನಂತಹ ಚಿಕ್ಕ ಬೈಪಾಸ್ ಈ ಜರಡಿಯ ಕಣ್ಣಿನಿಂದ ಸುಲಭವಾಗಿ ಜಾರಿಹೋಗಬಹುದು. ರೈಲು ಮಾರ್ಗಗಳಂತೂ ಆ ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲ.

ಆಲಿಕೆ ನಡೆದರೂ ಕರಡು ವರದಿಯ ಪ್ರತಿ ಯಾರಿಗೆ ಹೋಗುತ್ತದೆ ಎಂಬುದನ್ನು ನೋಡಿರಿ. ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ ಅಥವಾ ಮಹಾನಗರ ಪಾಲಿಕೆ, ಜಿಲ್ಲಾ ಕೈಗಾರಿಕಾ ಕೇಂದ್ರ, ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿ, ಮತ್ತು ನಂತರದ ತಿದ್ದುಪಡಿಯಿಂದ ಸೇರಿದ ಸ್ಥಳೀಯ ಸಂಸ್ಥೆಗಳು ಹಾಗೂ ಅಭಿವೃದ್ಧಿ ಪ್ರಾಧಿಕಾರಗಳು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಹೆಸರು ಆ ಸಾಲಿನಲ್ಲಿಲ್ಲ. ಜಿಲ್ಲಾಧಿಕಾರಿಗಳು ತಾವಾಗಿ ಆ ಇಲಾಖೆಗೆ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

2013ರ ಭೂಸ್ವಾಧೀನ ಕಾಯ್ದೆಯ 4ನೇ ಕಲಂ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಮುನ್ನ ಪಂಚಾಯಿತಿಯೊಂದಿಗೆ ಗ್ರಾಮ ಮಟ್ಟದಲ್ಲಿ ಸಮಾಲೋಚನೆ ನಡೆಸಬೇಕೆಂದು ಹೇಳುತ್ತದೆ. ಆದರೆ ಅದೇ ಕಾಯ್ದೆಯ 105ನೇ ಕಲಂ ನಾಲ್ಕನೇ ಅನುಸೂಚಿಯ ಕಾಯ್ದೆಗಳನ್ನು ಹೊರಗಿಡುತ್ತದೆ, ಮತ್ತು ಅದರಲ್ಲಿ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯೂ 1989ರ ರೈಲ್ವೆ ಕಾಯ್ದೆಯೂ ಇವೆ. 2015ರ ಆದೇಶದಿಂದ ಪರಿಹಾರ ಮತ್ತು ಪುನರ್ವಸತಿಯ ಭಾಗ ಇವುಗಳಿಗೂ ಬಂದಿತು. ಸಮಾಲೋಚನೆಯ ಭಾಗ ಬರಲಿಲ್ಲ. ಆದ್ದರಿಂದ ತಮ್ಮೂರಿನ ರಸ್ತೆ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿದ್ದರೆ ತಮಗೆ ನೇರವಾಗಿ ಉಳಿಯುವ ಹಕ್ಕು ಹೆದ್ದಾರಿ ಕಾಯ್ದೆಯ 3ಸಿ ಕಲಂ ಮಾತ್ರ. ಭೂಮಿ ತೆಗೆದುಕೊಳ್ಳುವ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆ ಭೂಮಿಯಲ್ಲಿ ಹಿತಾಸಕ್ತಿ ಇರುವವರು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ರೈಲ್ವೆಗಾದರೆ ಅದು 30 ದಿನ.

ಇನ್ನು ಮಾಹಿತಿ ಎಲ್ಲಿದೆ ಎಂಬ ಪ್ರಶ್ನೆ. ಒಂದು ಕಡೆ ಇಲ್ಲ ಎಂಬುದೇ ಇದರ ದೊಡ್ಡ ತೊಡಕು. ಸಿಮೆಂಟ್ ಕಾರ್ಖಾನೆಗಳ ಸುಣ್ಣದಕಲ್ಲು ಪ್ರಧಾನ ಖನಿಜ. ಅದರ ಗಣಿ ಯೋಜನೆ ಮತ್ತು ಮುಚ್ಚುವ ಯೋಜನೆ ಎರಡೂ ಭಾರತೀಯ ಗಣಿ ಬ್ಯೂರೋದ ಬಳಿ ಇರುತ್ತವೆ. ವಾಡಿ, ಮಳಖೇಡ, ಸೇಡಂ ಕಡೆಯ ದೊಡ್ಡ ಗಣಿಗಳ ಬಗ್ಗೆ ಕಾಗದ ಸಿಗುತ್ತದೆ. ಶಹಾಬಾದ್ ಫರಸಿಯ ಖಣಿಗಳು ಉಪಖನಿಜದ ಲೆಕ್ಕಕ್ಕೆ ಸೇರಿ, 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಕೆಳಗೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯ ಕೈಯಲ್ಲಿವೆ. ಅಲ್ಲಿ ಗುತ್ತಿಗೆಯ ಕಡತ, ಸರ್ವೇ ನಂಬರ್, ಎಕರೆ ಗುಂಟೆ, ರಾಜಧನದ ಲೆಕ್ಕ ಸಿಗಬಹುದು. ಎಷ್ಟು ಆಳ ತೋಡಿದರು, ಯಾವಾಗ ಮುಚ್ಚಿದರು, ಏನು ತುಂಬಿದರು ಎಂಬುದು ಹಳೆಯ ಕಡತಗಳಲ್ಲಿ ಅಪರೂಪ. 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಫೆಬ್ರುವರಿಯಲ್ಲಿ, ದೀಪಕ್ ಕುಮಾರ್ ಪ್ರಕರಣದಲ್ಲಿ. ಅದಕ್ಕೂ ಮೊದಲು ಮುಗಿದುಹೋದ ಚಿಕ್ಕ ಖಣಿಗೆ ಪರಿಸರದ ಕಾಗದವೇ ಹುಟ್ಟಿಲ್ಲ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಬಳಿ ನಕ್ಷೆ ಇರಬಹುದೆಂದು ಕೆಲವರು ಹೇಳುತ್ತಾರೆ. ಕೈಬಿಟ್ಟ ಗಣಿಯ ನಕ್ಷೆಯನ್ನು ಅಲ್ಲಿಗೆ ಸಲ್ಲಿಸಬೇಕೆಂಬ ನಿಯಮ ಇರುವುದು ನಿಜ. ಆದರೆ 1952ರ ಗಣಿ ಕಾಯ್ದೆಯ 3ನೇ ಕಲಂ ಕಟ್ಟಡದ ಕಲ್ಲು, ಮುರುಮು, ಜಂಬಿಟ್ಟಿಗೆ, ಸುಣ್ಣದಕಲ್ಲು ಮುಂತಾದವುಗಳ ಚಿಕ್ಕ ತೆರೆದ ಗಣಿಗಳನ್ನು ಅಂತಹ ಬಹುತೇಕ ನಿಯಮಗಳಿಂದ ಬಿಡುಗಡೆ ಮಾಡಿತ್ತು. ಆಳ 6 ಮೀಟರ್ ಮೀರಬಾರದು, ದಿನಕ್ಕೆ 50ಕ್ಕಿಂತ ಹೆಚ್ಚು ಕೆಲಸಗಾರರಿರಬಾರದು, ಸಿಡಿಮದ್ದು ಬಳಸಬಾರದು, ಇಷ್ಟೇ ಷರತ್ತಾಗಿತ್ತು. ಫರಸಿಯನ್ನು ಪದರ ಪದರವಾಗಿ ಉಳಿ ಸುತ್ತಿಗೆ ಸಲಾಕೆಯಿಂದಲೇ ಬಿಡಿಸುತ್ತಿದ್ದ ನಮ್ಮ ಕಡೆಯ ಎಷ್ಟೋ ಖಣಿಗಳು ಈ ಷರತ್ತಿನೊಳಗೇ ಇದ್ದವು. ಅವುಗಳ ನಕ್ಷೆ ಆ ನಿರ್ದೇಶನಾಲಯದ ಕೇಂದ್ರ ಕಚೇರಿಯಿರುವ ಧನ್‌ಬಾದ್‌ನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ.

ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯವೊಂದಿದೆ. 1961ರ ಲೋಹಗಣಿ ನಿಬಂಧನೆಗಳ ಪ್ರಕಾರ, ರೈಲು ಮಾರ್ಗದಿಂದಾಗಲಿ ಸಾರ್ವಜನಿಕ ರಸ್ತೆಯಿಂದಾಗಲಿ 45 ಮೀಟರ್ ಒಳಗೆ ಗಣಿಗಾರಿಕೆ ಮಾಡಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ರಸ್ತೆಯ ಬಳಿಗೆ ಗಣಿ ಬರದಂತೆ ಹೀಗೆ ತಡೆ ಇದೆ. ಕೈಬಿಟ್ಟ ಗಣಿಯ ಬಳಿಗೆ ರಸ್ತೆಯೇ ಬಂದಾಗ ಅಷ್ಟೇ ಸ್ಪಷ್ಟವಾಗಿ ಯಾರನ್ನಾದರೂ ಕೇಳಲೇಬೇಕೆಂಬ ನಿಯಮ ಇಲ್ಲ. ತಾವು ಎತ್ತಿರುವ ಪ್ರಶ್ನೆಯ ಬೇರು ಇಲ್ಲಿದೆ.

ಉತ್ತರ – ಮುರುಮು (ಸೇಡಂ)

ನಾನು ಸಿವಿಲ್ ಎಂಜಿನಿಯರ್, ರಸ್ತೆ ಕಾಮಗಾರಿಗಳಲ್ಲಿ ಗುತ್ತಿಗೆದಾರರ ಕಡೆಯಿಂದ ಕೆಲಸ ಮಾಡುತ್ತೇನೆ. ಮೇಲಿನ ಹಿರಿಯರ ಮಾತಿಗೆ ತಾಂತ್ರಿಕ ಭಾಗವನ್ನು ಸೇರಿಸುತ್ತೇನೆ.

ನಮ್ಮ ಕಡೆ ಅಲುಗದ ಫರಸಿ ಹಾಸಿನ ಮೇಲೆ ರಸ್ತೆ ಕಟ್ಟುವುದು ಬಹಳ ಅನುಕೂಲದ ಕೆಲಸ. ಎರೆಮಣ್ಣನ್ನು ತೆಗೆದರೆ ಕೆಳಗೆ ಗಟ್ಟಿ ಕಲ್ಲು. ತುಂಬಿದ ಖಣಿಯಲ್ಲಿ ಸಂಗತಿ ತಿರುಗುಮುರುಗು. ಕಲ್ಲುಚೂರನ್ನು ಲಾರಿಯಿಂದ ಸುರಿದು ಬಿಟ್ಟಿರುತ್ತಾರೆ, ಪದರ ಹಾಕಿ ರೋಲರ್ ಹೊಡೆದಿರುವುದಿಲ್ಲ. ಅದರ ನಡುವೆ ಟೊಳ್ಳು ಇರುತ್ತದೆ. ಮೇಲಿನ ಎರೆಮಣ್ಣು ಮಳೆಗಾಲದಲ್ಲಿ ನೀರಿನೊಂದಿಗೆ ನಿಧಾನವಾಗಿ ಆ ಟೊಳ್ಳಿನೊಳಗೆ ಇಳಿಯುತ್ತದೆ. ಖಣಿಯ ಅಂಚಿನಲ್ಲಿ ಒಂದು ಗೇಣು ಈಚೆ ಗಟ್ಟಿ ಕಲ್ಲು, ಒಂದು ಗೇಣು ಆಚೆ ಸಡಿಲ ತುಂಬು. ರಸ್ತೆ ಅದನ್ನು ಅಡ್ಡಲಾಗಿ ದಾಟುವಲ್ಲಿ ಒಂದು ಭಾಗ ಕುಸಿಯುತ್ತದೆ, ಇನ್ನೊಂದು ಭಾಗ ಇದ್ದಲ್ಲೇ ಇರುತ್ತದೆ, ನಡುವೆ ಬಿರುಕು ಬೀಳುತ್ತದೆ. ಸೇತುವೆಯ ಒಂದು ಕಂಬ ಅಂತಹ ಅಂಚಿನಲ್ಲಿ ಬಂದರೆ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ತುಂಬಿದ್ದನ್ನು ತೋಡಿ ತೆಗೆದು ಪದರ ಪದರವಾಗಿ ಮತ್ತೆ ತುಂಬಿ ದಮ್ಮಸು ಮಾಡಬಹುದು, ಭಾರದ ತೂಕ ಬೀಳಿಸಿ ಆಳದವರೆಗೆ ಗಟ್ಟಿ ಮಾಡಬಹುದು, ಜಿಯೋಗ್ರಿಡ್ (ಮಣ್ಣನ್ನು ಹಿಡಿದಿಡುವ ಜಾಲರಿ) ಹಾಸಬಹುದು, ಸಿಮೆಂಟ್ ಗ್ರೌಟ್ ಇಳಿಸಬಹುದು. ಇವೆಲ್ಲಕ್ಕೂ ದುಡ್ಡು ಬೇಕು, ಮತ್ತು ಆ ದುಡ್ಡು ಡಿಪಿಆರ್‌ನಲ್ಲಿ, ಅಂದರೆ ವಿವರವಾದ ಯೋಜನಾ ವರದಿಯಲ್ಲಿ, ಬಂದಿರಬೇಕು. ಡಿಪಿಆರ್ ತಯಾರಿಸುವಾಗ ನಿರ್ದಿಷ್ಟ ಅಂತರಕ್ಕೊಂದು ಪರೀಕ್ಷಾ ಗುಂಡಿ, ಸೇತುವೆಗಳ ಬಳಿ ಬೋರ್‌ಹೋಲ್ ಹಾಕುತ್ತಾರೆ. ಎರಡು ಗುಂಡಿಗಳ ನಡುವೆ ಒಂದು ಖಣಿ ಇದ್ದರೆ ಅದು ವರದಿಯಲ್ಲಿ ಕಾಣಿಸುವುದೇ ಇಲ್ಲ. ಗುಂಡಿ ಎಲ್ಲಿ ಹಾಕಬೇಕೆಂದು ಮೊದಲೇ ಗೊತ್ತಿದ್ದರೆ ಅಷ್ಟೇ ಖರ್ಚಿನಲ್ಲಿ ಸರಿಯಾದ ಮಾಹಿತಿ ಸಿಗುತ್ತದೆ. ಗಣಿ ಇಲಾಖೆಯನ್ನೂ ಊರಿನವರನ್ನೂ ಮುಂಚೆಯೇ ಕೇಳಬೇಕು ಎನ್ನುವುದು ಇದಕ್ಕಾಗಿಯೇ.

ಇನ್ನೊಂದು ಮಾತು. ನೆಲದೊಳಗೆ ರಾಡಾರ್ ಬಿಟ್ಟು ನೋಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಎರೆಮಣ್ಣಿನ ಜೇಡಿ ಅಂಶ ರಾಡಾರ್ ತರಂಗವನ್ನು ಸ್ವಲ್ಪ ಆಳದಲ್ಲೇ ನುಂಗಿಬಿಡುತ್ತದೆ. ವಿದ್ಯುತ್ ರೋಧಕತೆಯ ಸಮೀಕ್ಷೆ ನಮ್ಮ ನೆಲಕ್ಕೆ ಹೊಂದುತ್ತದೆ. ಗಟ್ಟಿ ಕಲ್ಲಿಗೂ ನೀರು ಕುಡಿದ ಸಡಿಲ ತುಂಬಿಗೂ ಅದರಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಉತ್ತರ – ಎರೆ ಭೂಮಿ (ಜೇವರ್ಗಿ)

ಎಲ್ಲರ ಮಾತನ್ನೂ ಓದಿದೆ. ಒಂದು ಭಿನ್ನಾಭಿಪ್ರಾಯವಿದೆ. ನಮ್ಮ ಭಾಗಕ್ಕೆ ರಸ್ತೆ, ರೈಲು ಬರುವುದೇ ತಡ. ಬೀದರ್–ಕಲಬುರಗಿ ರೈಲು ಮಾರ್ಗ ದಶಕಗಳ ಬೇಡಿಕೆಯ ನಂತರ 2017ರಲ್ಲಿ ಪೂರ್ಣಗೊಂಡಿತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಆರಂಭವಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಒಂದೊಂದು ಯೋಜನೆಗೂ ಕಾಯಬೇಕಾದ ಸ್ಥಿತಿ ತಪ್ಪಿಲ್ಲ. ಇನ್ನೊಂದು ಇಲಾಖೆ, ಇನ್ನೊಂದು ಅನುಮತಿ ಎಂದು ಸೇರಿಸುತ್ತಾ ಹೋದರೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತದೆ, ಅಷ್ಟರಲ್ಲಿ ಅನುದಾನ ಬೇರೆ ಜಿಲ್ಲೆಗೆ ಹೋಗುತ್ತದೆ. ಖಣಿಯ ಸಮಸ್ಯೆಯನ್ನು ಎಂಜಿನಿಯರುಗಳು ಕಾಮಗಾರಿಯ ವೇಳೆ ಸರಿಪಡಿಸಿಕೊಳ್ಳಲಿ.

ಉತ್ತರ – ಜಗತ್ ವೃತ್ತ (ಮೂಲತಃ ಕಲಬುರಗಿ)

ಜೇವರ್ಗಿಯ ಅಣ್ಣನವರ ಆತಂಕ ನನಗೆ ಅರ್ಥವಾಗುತ್ತದೆ. ಕೆಲವು ವರ್ಷಗಳಿಂದ ನಾನು ಇಂಗ್ಲೆಂಡಿನಲ್ಲಿ ಪರಿಸರ ಅಧ್ಯಯನದ ಕೆಲಸದಲ್ಲಿದ್ದೇನೆ. ತಡವಾಗದಂತೆ ಕೇಳುವ ಒಂದು ಪದ್ಧತಿ ಇಲ್ಲಿದೆ, ಅದನ್ನು ವಿವರಿಸುತ್ತೇನೆ.

ಬ್ರಿಟನ್ನಿನಲ್ಲಿ ಕಲ್ಲಿದ್ದಲು ತೆಗೆದು ಬಿಟ್ಟ ಪ್ರದೇಶ ಬಹಳ ದೊಡ್ಡದು. ದಾಖಲಾದ ಗಣಿ ಬಾಯಿಗಳೇ 1.7 ಲಕ್ಷಕ್ಕೂ ಹೆಚ್ಚು. ಅವೆಲ್ಲದರ ಹೊಣೆ ಹೊತ್ತ ಒಂದೇ ಸಾರ್ವಜನಿಕ ಸಂಸ್ಥೆ ಇದೆ. 1994ರ ಕಲ್ಲಿದ್ದಲು ಉದ್ಯಮ ಕಾಯ್ದೆಯಿಂದ ಹುಟ್ಟಿದ ಅದರ ಹೆಸರು ಕೋಲ್ ಅಥಾರಿಟಿ ಎಂದಿತ್ತು. 2024ರ ನವೆಂಬರ್‌ನಿಂದ ಮೈನಿಂಗ್ ರೆಮಿಡಿಯೇಶನ್ ಅಥಾರಿಟಿ. ಕೈಬಿಟ್ಟ ಕಲ್ಲಿದ್ದಲು ಗಣಿಗಳ ನಕ್ಷೆಗಳೆಲ್ಲ ಅದರ ಬಳಿ ಇವೆ. ನಕ್ಷೆ ಒಪ್ಪಿಸುವುದು 1872ರ ಕಾಯ್ದೆಯಿಂದಲೇ ಕಡ್ಡಾಯವಾದ ಕಾರಣ ಅಷ್ಟು ಹಳೆಯವೂ ಸಿಗುತ್ತವೆ; ಅದಕ್ಕೂ ಹಿಂದಿನವು ಸಿಗುವುದು ಕಷ್ಟ.

2008ರ ಯೋಜನಾ ಕಾಯ್ದೆಯ ಕೆಳಗೆ ಬರುವ ರಾಷ್ಟ್ರೀಯ ಮಹತ್ವದ ಯೋಜನೆಗಳಲ್ಲಿ, ಅಂದರೆ ದೊಡ್ಡ ಹೆದ್ದಾರಿ, ವಿದ್ಯುತ್ ಸ್ಥಾವರ, ವಿದ್ಯುತ್ ಮಾರ್ಗ ಇಂಥವುಗಳಲ್ಲಿ, ಪರಿಸರ ವರದಿಯಲ್ಲಿ ಏನೇನು ಪರಿಶೀಲಿಸಬೇಕೆಂದು ಗೊತ್ತುಮಾಡುವ ಹಂತವೊಂದಿದೆ. ಆಗ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್ ಎಂಬ ಸಂಸ್ಥೆ ನಿಯಮದಲ್ಲಿ ಹೆಸರಿಸಿದ ಸಾರ್ವಜನಿಕ ಸಂಸ್ಥೆಗಳಿಗೆಲ್ಲ ಪತ್ರ ಬರೆಯುತ್ತದೆ. ಕಲ್ಲಿದ್ದಲು ಗಣಿಗಾರಿಕೆ ನಡೆದ, ನಡೆಯುತ್ತಿರುವ ಅಥವಾ ಮುಂದೆ ನಡೆಯಬಹುದಾದ ಪ್ರದೇಶವಾದರೆ ಈ ಗಣಿ ಸಂಸ್ಥೆ ಆ ಪಟ್ಟಿಯಲ್ಲಿ ಇರಲೇಬೇಕು. ಉತ್ತರಕ್ಕೆ 28 ದಿನ. ಉತ್ತರ ಬಾರದಿದ್ದರೆ ಯೋಜನೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಹಾಗಾಗಿ ತಡೆಯುವ ಅಧಿಕಾರ ಅದಕ್ಕಿಲ್ಲ, ತಿಳಿಸುವ ಹೊಣೆ ಇದೆ.

ಆ ಉತ್ತರಗಳನ್ನು ನಾನು ಕೆಲಸದ ಭಾಗವಾಗಿ ಓದುತ್ತೇನೆ. ಕೆಲವು ಎರಡೇ ಸಾಲು: ಈ ಜಾಗ ಕಲ್ಲಿದ್ದಲು ಪ್ರದೇಶದ ಹೊರಗಿದೆ, ನಮ್ಮ ಕಡೆಯಿಂದ ಹೇಳುವುದೇನೂ ಇಲ್ಲ. ಇನ್ನು ಕೆಲವು ವಿವರವಾದವು: ಯೋಜನೆಯ ಗಡಿಯೊಳಗೆ ಹೆಚ್ಚಿನ ಅಪಾಯದ ವಲಯವಿದೆ, ಗಣಿ ಬಾಯಿಗಳು ದಾಖಲಾಗಿವೆ, ಮೇಲ್ಮಟ್ಟದಲ್ಲೇ ಹಳೆಯ ಅಗೆತ ನಡೆದಿದೆ, ಆದ್ದರಿಂದ ವರದಿಯಲ್ಲಿ ಗಣಿ ಅಪಾಯದ ಮೌಲ್ಯಮಾಪನ ಇರಬೇಕು, ಗಣಿ ಬಾಯಿಯ ಮೇಲೆ ಅಥವಾ ಅದರ ಪ್ರಭಾವದ ಅಂತರದೊಳಗೆ ಕಟ್ಟಡ ಬರಬಾರದು. ಎರಡು ಸಾಲಿನದಾದರೂ ಸರಿ, ಉತ್ತರ ಸಾರ್ವಜನಿಕ ದಾಖಲೆಗೆ ಸೇರುತ್ತದೆ ಮತ್ತು ಯೋಜನೆಯವರು ಅದಕ್ಕೆ ಉತ್ತರಿಸಬೇಕಾಗುತ್ತದೆ. ಕಾಮಗಾರಿಯ ವೇಳೆ ಖಣಿ ಎದುರಾಗಿ ಕೆಲಸ ನಿಂತು, ವಿನ್ಯಾಸ ಬದಲಿಸಿ, ಮರು ಅಂದಾಜಿಗೆ ಒಪ್ಪಿಗೆ ಬರುವವರೆಗೆ ಕಾಯುವುದಕ್ಕೆ ಹೋಲಿಸಿದರೆ 28 ದಿನ ಏನೂ ಅಲ್ಲ ಎಂದು ಅಣ್ಣನವರೂ ಒಪ್ಪುತ್ತಾರೆಂದು ನಂಬಿದ್ದೇನೆ.

ಹೋಲಿಕೆಗೆ ಮಿತಿ ಇದೆ. ಬ್ರಿಟನ್ನಿನವು ಬಹುತೇಕ ನೆಲದೊಳಗಿನ ಗಣಿಗಳು, ನಮ್ಮವು ತೆರೆದ ಖಣಿಗಳು. ಒಂದೇ ಖನಿಜ, ಒಂದೇ ಸಂಸ್ಥೆ ಎಂಬ ಅನುಕೂಲವೂ ನಮಗಿಲ್ಲ. ಆದರೆ ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಹೊಸ ಕಾನೂನಿಲ್ಲದೆಯೇ ಈ ಕ್ರಮವನ್ನು ಜಿಲ್ಲೆಯಲ್ಲಿ ಅನುಸರಿಸಬಹುದು. ಅಲೈನ್‌ಮೆಂಟ್ ಗೊತ್ತುಮಾಡುವ ಮೊದಲೇ ನಿರ್ದಿಷ್ಟ ಇಲಾಖೆಗಳಿಗೆ ಪತ್ರ, ಉತ್ತರಕ್ಕೆ ಗಡುವು, ಬಂದ ಉತ್ತರಗಳ ಪ್ರಕಟಣೆ. ಇದಕ್ಕೆ ಒಂದು ಸುತ್ತೋಲೆ ಸಾಕು.

ಉತ್ತರ – ಸುರಪುರ ದಾರಿ (ಯಾದಗಿರಿ)

ಶಹಾಪುರ ತಾಲ್ಲೂಕಿನಲ್ಲಿ ನೆಲದೊಳಗಿನ ಅಗೆತವೂ ಇದೆ ಎಂಬುದನ್ನು ಮರೆಯಬಾರದು. ಗೋಗಿಯಲ್ಲಿ ಯುರೇನಿಯಂ ಪರಿಶೋಧನೆಗಾಗಿ ಗಣಿ ತೋಡಲಾಗಿತ್ತು. ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ಹಾಯುವ ಯೋಜನೆ. ಇಂತಹ ನಾಡಿನಲ್ಲಿ ದೊಡ್ಡ ಕಾಮಗಾರಿಗಳು ಬಂದಾಗ ಪರಮಾಣು ಖನಿಜ ನಿರ್ದೇಶನಾಲಯವನ್ನೂ ಕೇಳುವ ಪರಿಪಾಠ ಇರಬೇಕು.

ನೀರಿನ ವಿಷಯವನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ ಹಳೆಯ ಖಣಿಗಳಲ್ಲಿ ನಿಂತ ನೀರಿಗೆ ಪಂಪ್‌ಸೆಟ್ ಇಟ್ಟು ಬೇಸಿಗೆಯಲ್ಲಿ ತರಕಾರಿ ಬೆಳೆಯುವವರಿದ್ದಾರೆ, ದನಕರುಗಳಿಗೆ ಅದೇ ಆಸರೆ. ರಸ್ತೆಗಾಗಿ ಒಂದು ಖಣಿಯನ್ನು ಮುಚ್ಚಿದರೆ ಪಕ್ಕದ ಖಣಿಗೆ ಬಿರುಕುಗಳ ಮೂಲಕ ಹರಿಯುವ ನೀರಿನ ದಾರಿಯೂ ಬದಲಾಗುತ್ತದೆ. ಸುಣ್ಣದಕಲ್ಲಿನ ನೆಲದಲ್ಲಿ ನೀರಿನ ಚಲನೆ ಸಣ್ಣ ಸಂಗತಿಯಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲದೊಳಗಿನ ಸದ್ದಿಗೂ ಕಂಪನಕ್ಕೂ ಹೆದರಿ ಜನ ಮನೆಯಿಂದ ಹೊರಗೆ ಮಲಗಿದ್ದಾಗ, ಮಳೆಯ ನೀರು ಕಲ್ಲಿನ ಪದರಗಳೊಳಗೆ ಇಳಿದದ್ದು ಅದಕ್ಕೆ ಕಾರಣವಿರಬಹುದೆಂದು ತಜ್ಞರು ಹೇಳಿದ್ದರು. ಅಂತರ್ಜಲ ನಿರ್ದೇಶನಾಲಯ, ಸಣ್ಣ ನೀರಾವರಿ, ಗ್ರಾಮೀಣ ಕುಡಿಯುವ ನೀರು ಈ ಮೂರೂ ಇಲಾಖೆಗಳನ್ನು ಕೇಳುವ ಪಟ್ಟಿಗೆ ಸೇರಿಸಿರಿ.

ಉತ್ತರ – ನೌಬಾದ್ (ಬೀದರ್)

ಬೀದರಿನ ಸ್ಥಿತಿಯೂ ಬೇರೆಯಲ್ಲ. ಇಲ್ಲಿ ಜಂಬಿಟ್ಟಿಗೆ ಕಲ್ಲು ಕೊಯ್ದ ಗುಂಡಿಗಳಿವೆ. ಅವುಗಳ ಜೊತೆಗೆ ಬಹಮನಿ ಕಾಲದ ಸುರಂಗ ಬಾವಿಗಳೂ ಇವೆ. ಅವುಗಳ ಗಾಳಿಕಿಂಡಿಗಳ ಮೇಲೆಯೇ ಕಟ್ಟಡ, ರಸ್ತೆ ಬಂದ ಮೇಲೆ ಒಳಗಿನ ಕಾಲುವೆ ಎಲ್ಲಿ ಹೋಗುತ್ತದೆಂದು ಹುಡುಕಬೇಕಾಯಿತು. ಪುರಾತತ್ವ ಇಲಾಖೆಯನ್ನೂ ಕೇಳಿರಿ ಎಂಬುದಷ್ಟೇ ನನ್ನ ಸಲಹೆ.

ಪ್ರಶ್ನೆ ಕೇಳಿದವರಿಂದ – ಕಾಗಿಣಾ ದಂಡೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ವಿಷಯ ಇಷ್ಟು ಆಳವಾಗಿದೆಯೆಂದು ತಿಳಿದಿರಲಿಲ್ಲ. ಈಗ ಎರಡು ಅನುಮಾನ ಉಳಿದಿವೆ. ಗ್ರಾಮ ಸಭೆಯಲ್ಲಿ ಠರಾವು ಮಾಡಿ ಕಳಿಸಬೇಕೆಂದಿದ್ದೇವೆ. ಆದರೆ ಗಣಿ ಇಲಾಖೆ ಒಂದು ಸಾಲಿನ ನಿರಾಕ್ಷೇಪಣಾ ಪತ್ರ ಕೊಟ್ಟುಬಿಟ್ಟರೆ ನಮ್ಮ ಠರಾವಿಗೆ ಬೆಲೆ ಉಳಿಯುತ್ತದೆಯೇ? ಮತ್ತು 21 ದಿನಗಳ ಆಕ್ಷೇಪಣೆಯನ್ನು ಪಂಚಾಯಿತಿ ಸಲ್ಲಿಸಬಹುದೇ, ಅಥವಾ ಜಮೀನಿನ ಮಾಲೀಕರೇ ಸಲ್ಲಿಸಬೇಕೇ?

ಉತ್ತರ – ಆಕಾರ್‌ಬಂದ್ (ಕಲಬುರಗಿ)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕಾಯ್ದೆ ಹೇಳುವುದು ಭೂಮಿಯಲ್ಲಿ ಹಿತಾಸಕ್ತಿ ಇರುವ ವ್ಯಕ್ತಿ ಎಂದು. ಆದ್ದರಿಂದ ಖಣಿ ಮುಚ್ಚಿದ ಸರ್ವೇ ನಂಬರಿನ ಖಾತೆದಾರರೇ ಒಬ್ಬೊಬ್ಬರಾಗಿ ಆಕ್ಷೇಪಣೆ ಬರೆಯಲಿ, ಪಂಚಾಯಿತಿಯ ಠರಾವಿನ ಪ್ರತಿಯನ್ನು ಲಗತ್ತಿಸಲಿ. ರಸ್ತೆ ಗಾಯರಾಣದಲ್ಲೋ ಪಂಚಾಯಿತಿಯ ಜಾಗದಲ್ಲೋ ಹಾಯುವುದಿದ್ದರೆ ಪಂಚಾಯಿತಿಯೂ ಪ್ರತ್ಯೇಕವಾಗಿ ಸಲ್ಲಿಸಲಿ. ರಸ್ತೆ ಬೇಡ ಎಂದು ಬರೆಯಬೇಡಿರಿ. ಈ ಸರ್ವೇ ನಂಬರಿನಲ್ಲಿ ತುಂಬಿದ ಖಣಿ ಇದೆ, ತನಿಖೆ ಮಾಡದೆ ಈ ಜಾಗವನ್ನು ರಸ್ತೆಗೆ ಬಳಸುವುದು ಸುರಕ್ಷಿತವಲ್ಲ ಎಂದು ಬರೆಯಿರಿ. ಆಗ ಆ ಆಕ್ಷೇಪಣೆ ಭೂಮಿಯ ಬಳಕೆಯ ಬಗ್ಗೆಯೇ ಆಗುತ್ತದೆ ಮತ್ತು ಸಕ್ಷಮ ಪ್ರಾಧಿಕಾರ ಅದನ್ನು ಆಲಿಸಿ ಆದೇಶ ಮಾಡಬೇಕಾಗುತ್ತದೆ.

ಮೊದಲನೆಯದು ಬಹಳ ಮುಖ್ಯ. ಆಕ್ಷೇಪಣೆ ಇದೆಯೇ ಎಂದು ಕೇಳಿದರೆ ಇಲಾಖೆ ತನ್ನ ಗುತ್ತಿಗೆಗೆ ಧಕ್ಕೆಯಿದೆಯೇ ಎಂದಷ್ಟೇ ನೋಡುತ್ತದೆ. ಚಾಲ್ತಿ ಗುತ್ತಿಗೆ ಇಲ್ಲದಿದ್ದರೆ ಆಕ್ಷೇಪಣೆಯೂ ಇಲ್ಲ. ಹಳೆಯ ಖಣಿಯ ವಿಷಯ ಆ ಪ್ರಶ್ನೆಯ ಒಳಗೆ ಬರುವುದೇ ಇಲ್ಲ, ಹಾಗಾಗಿ ಆ ಪತ್ರದಲ್ಲಿ ಅಧಿಕಾರಿಯ ತಪ್ಪನ್ನು ಹುಡುಕಿ ಪ್ರಯೋಜನವಿಲ್ಲ. ತಾವು ಕೇಳುವ ಪ್ರಶ್ನೆ ಮಾಹಿತಿಯ ಪ್ರಶ್ನೆಯಾಗಿರಬೇಕು. ಗುರುತು ಹಾಕಿದ ಸಾಲಿನ ಎರಡೂ ಬದಿಗೆ 500 ಮೀಟರ್ ಒಳಗೆ ಬರುವ ಸರ್ವೇ ನಂಬರುಗಳನ್ನು ಬರೆದು, ಅವುಗಳಲ್ಲಿ ಯಾವ ಯಾವುದಕ್ಕೆ ಯಾವ ವರ್ಷ ಗುತ್ತಿಗೆ ಅಥವಾ ಪರವಾನಗಿ ಕೊಡಲಾಗಿತ್ತು, ನಕ್ಷೆ ಇದೆಯೇ, ಆಳದ ದಾಖಲೆ ಇದೆಯೇ, ಮುಚ್ಚಿದ್ದರ ತಪಾಸಣೆ ನಡೆದಿತ್ತೇ ಎಂದು ಕೇಳಿರಿ. ದಾಖಲೆ ಇಲ್ಲವಾದರೆ ಇಲ್ಲ ಎಂದೇ ಬರೆದುಕೊಡಲಿ. ದಾಖಲೆ ಇಲ್ಲವೆಂಬ ಆ ಪತ್ರ ಎಂಜಿನಿಯರಿಗೆ ಹೆಚ್ಚುವರಿ ಬೋರ್‌ಹೋಲ್ ಹಾಕಲು ಆಧಾರವಾಗುತ್ತದೆ. ಇದೇ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಹಾಕಿಡಿರಿ. 30 ದಿನಗಳಲ್ಲಿ ಉತ್ತರ ಬರಬೇಕು. ಅಧಿಸೂಚನೆಗೆ ಮುನ್ನ ಈಗಲೇ ಹಾಕಿದರೆ 21 ದಿನಗಳ ಗಡುವಿನ ಹೊತ್ತಿಗೆ ಕೈಯಲ್ಲಿ ಕಾಗದ ಇರುತ್ತದೆ.

ಸರ್ವೇ ನಂಬರುಗಳನ್ನು ದಿಶಾಂಕ್ ಆ್ಯಪ್‌ನಲ್ಲಿ ಜಾಗದಲ್ಲೇ ನಿಂತು ತಿಳಿದುಕೊಳ್ಳಬಹುದು. ಜಿಲ್ಲಾ ಸಮೀಕ್ಷಾ ವರದಿಯಲ್ಲಿ ಉಪಖನಿಜ ಗುತ್ತಿಗೆಗಳ ಪಟ್ಟಿ ಇರುತ್ತದೆ, ಅದನ್ನೂ ನೋಡಿರಿ. 1956ಕ್ಕಿಂತ ಹಿಂದಿನ, ಅಂದರೆ ಹೈದರಾಬಾದ್ ಸಂಸ್ಥಾನದ ಕಾಲದ ಕಂದಾಯ ಕಾಗದಗಳು ಉರ್ದುವಿನಲ್ಲಿರುವುದರಿಂದ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ; ಹೊಸ ತಲೆಮಾರಿನ ಸಿಬ್ಬಂದಿ ಆ ಕಟ್ಟುಗಳನ್ನು ಬಿಚ್ಚುವುದೇ ಕಡಿಮೆ.

ಆದರೆ ಈ ಯಾವ ಕಾಗದವೂ ಖಣಿಯಲ್ಲಿ ದುಡಿದವರ ನೆನಪಿಗೆ ಸಮನಾಗುವುದಿಲ್ಲ. ಅವರನ್ನು ಕರೆದುಕೊಂಡು ಸಾಲಿನುದ್ದಕ್ಕೂ ನಡೆಯಿರಿ. ಎಲ್ಲಿ ತೊಗರಿ ಹೊಲದ ಮಣ್ಣಿನಲ್ಲಿ ಚಪ್ಪಟೆ ಕಲ್ಲುಚೂರು ಬೆರೆತಿದೆ, ಎಲ್ಲಿ ಬದುವಿನ ಪಕ್ಕ ಬಳ್ಳಾರಿ ಜಾಲಿ ದಟ್ಟವಾಗಿದೆ, ಎಲ್ಲಿ ಮಳೆ ನಿಂತ ಮೇಲೂ ನೀರು ಇಂಗದೆ ಮಡುಗಟ್ಟುತ್ತದೆ ಅಥವಾ ಒಂದೇ ರಾತ್ರಿಯಲ್ಲಿ ಮಾಯವಾಗುತ್ತದೆ, ಅಂತಹ ಕಡೆ ಅವರು ನಿಲ್ಲುತ್ತಾರೆ. ಎಷ್ಟು ಪದರ ಫರಸಿ ತೆಗೆದಿದ್ದೆವು ಎಂದು ಅವರು ಹೇಳಿದರೆ ಆಳದ ಅಂದಾಜು ಸಿಕ್ಕಂತೆಯೇ. ಪ್ರತಿ ಜಾಗದ ಫೋಟೊ, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ಹೇಳಿದವರ ಸಹಿ ಅಥವಾ ಹೆಬ್ಬೆಟ್ಟು, ಇಷ್ಟನ್ನು ಪಿಡಿಒ ಸಮ್ಮುಖದಲ್ಲಿ ಪಂಚನಾಮೆ ಮಾಡಿಸಿ ಠರಾವಿಗೆ ಲಗತ್ತಿಸಿರಿ. ಪ್ರತಿಗಳನ್ನು ಜಿಲ್ಲಾಧಿಕಾರಿಗಳಿಗೆ, ಸಹಾಯಕ ಆಯುಕ್ತರಿಗೆ, ಗಣಿ ಇಲಾಖೆಯ ಜಿಲ್ಲಾ ಕಚೇರಿಗೆ ಮತ್ತು ಡಿಪಿಆರ್ ತಯಾರಿಸುತ್ತಿರುವ ಸಂಸ್ಥೆಗೆ ಕಳಿಸಿ, ನಾಲ್ಕೂ ಕಡೆ ಸ್ವೀಕೃತಿ ಪಡೆದುಕೊಳ್ಳಿರಿ.

ಉತ್ತರ – ಮುರುಮು (ಸೇಡಂ)

ಆ ಅಕ್ಷಾಂಶ ರೇಖಾಂಶದ ಪಟ್ಟಿಯನ್ನು ಡಿಪಿಆರ್ ಸಲಹೆಗಾರರಿಗೆ ಕೊಡುವಾಗ ಕಾಗದದ ಜೊತೆಗೆ ಕೆಎಂಎಲ್ ಫೈಲ್ (ಗಣಕದ ನಕ್ಷೆಯ ಮೇಲೆ ಜಾಗಗಳನ್ನು ತೋರಿಸುವ ಕಡತ) ಆಗಿಯೂ ಕೊಡಿರಿ. ಅವರು ಅಲೈನ್‌ಮೆಂಟ್ ನೋಡುವ ತಂತ್ರಾಂಶದಲ್ಲಿ ಅದು ನೇರವಾಗಿ ತೆರೆದುಕೊಳ್ಳುತ್ತದೆ, ಖಣಿಗಳು ರಸ್ತೆಯ ಗೆರೆಯ ಮೇಲೆಯೇ ಕಾಣುತ್ತವೆ. ಗೂಗಲ್ ಅರ್ಥ್‌ನ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ಆ ಖಣಿಗಳು ಇನ್ನೂ ತೆರೆದಿದ್ದ ಕಾಲದ್ದು ಸಿಕ್ಕರೆ ಅದನ್ನೂ ಸೇರಿಸಿರಿ. ಫೈಲ್ ಮಾಡಿಕೊಡಲು ಊರಿನಲ್ಲಿ ಯಾರೂ ಇಲ್ಲದಿದ್ದರೆ ಪಟ್ಟಿಯನ್ನು ಇಲ್ಲಿ ಹಾಕಿರಿ, ನಾನು ಮಾಡಿ ಕಳಿಸುತ್ತೇನೆ.